ಫೋನಿನ ಮುಂದೆ ಫೇಲಾದ ಅಕ್ಕೋರು

ಅವರ ಬಲಗೈ ತೋರುಬೆರಳನ್ನು ಯಾವ ಫೋನೂ ಒಪ್ಪಿಕೊಳ್ಳುತ್ತಿರಲಿಲ್ಲ. ಮೂವತ್ತಾರು ವರ್ಷ ಸೀಮೆಸುಣ್ಣ ಹಿಡಿದು ಆ ಬೆರಳಿನ ತುದಿ ಒಣಗಿ, ಗೆರೆಗಳೆಲ್ಲ ಸವೆದುಹೋಗಿದ್ದವು. ಅವರು ಪರದೆಯ ಮೇಲೆ ಒತ್ತುತ್ತಿದ್ದರು, ಅದು ಸುಮ್ಮನಿರುತ್ತಿತ್ತು. ಇನ್ನೂ ಜೋರಾಗಿ ಒತ್ತುತ್ತಿದ್ದರು. ಆಮೇಲೆ ಹಾಜರಿ ಪುಸ್ತಕದ ಹಾಳೆ ತಿರುವುವವರ ಹಾಗೆ ಬೆರಳನ್ನು ನಾಲಿಗೆಗೆ ತಾಗಿಸಿ ನನ್ನ ಹೊಸ ಫೋನಿನ ತುಂಬ ಎಂಜಲು ಸವರುತ್ತಿದ್ದರು.

"ಅಕ್ಕೋರ, ತರ್ರಿ ಇಲ್ಲಿ, ನಾ ಮಾಡಿ ಕೊಡ್ತೀನಿ" ಅಂದರೆ ಕೊಡುತ್ತಿರಲಿಲ್ಲ.

"ತಡಿ ತಂಗಿ. ನೀನೇ ಮಾಡಿಕೊಟ್ರ ನಾ ಯಾವಾಗ ಕಲೀಲಿ?"

ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯಲ್ಲಿ, ಕಾಲುವೆ ದಾಟಿದ ಮೇಲೆ ಸಿಗುವ ಸಣ್ಣ ಊರಿನ ಸರ್ಕಾರಿ ಶಾಲೆ ಅದು. ಎರಡು ಕೋಣೆ, ಐದನೆಯ ತರಗತಿಯವರೆಗೆ ಪಾಠ, ಇಬ್ಬರೇ ಶಿಕ್ಷಕಿಯರು. ಅವರು ಮುಖ್ಯ ಶಿಕ್ಷಕಿ. ನಿವೃತ್ತಿಗೆ ಮೂರು ವರ್ಷವಿತ್ತು. ನನ್ನದು ಮೊದಲ ನೌಕರಿ. ಊರವರಿಗೆ ಅವರು ಅಕ್ಕೋರು, ನಾನು ಬರೀ ಟೀಚರ್. ಅವರ ಮನೆ ರಂಗಂಪೇಟೆಯಲ್ಲಿತ್ತು. ನಾನು ದೋರನಹಳ್ಳಿಯವಳು, ಸುರಪುರದಲ್ಲಿ ಒಂದು ಕೋಣೆ ಹಿಡಿದಿದ್ದೆ. ಹೀಗಾಗಿ ಹೋಗುವ ಬಸ್ಸೂ ಒಂದೇ, ಬರುವ ಬಸ್ಸೂ ಒಂದೇ. ಅವರಿಂದ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಖುಷಿಯಲ್ಲಿದ್ದರೆ ನನ್ನನ್ನು ತಂಗಿ ಅನ್ನುತ್ತಿದ್ದರು. ಸಿಟ್ಟು ಬಂದರೆ ಮೇಡಂ. ವಾರದಲ್ಲಿ ನಾಲ್ಕು ದಿನ ನಾನು ಮೇಡಂ ಆಗಿರುತ್ತಿದ್ದೆ.

ನಾನು ತರಬೇತಿ ಮುಗಿಸಿ ಹೊಸದಾಗಿ ಬಂದವಳು. ಪುಕ್ಕಟೆ ಸಿಗುವ ಪಾಠದ ವಿಡಿಯೋಗಳು, ಚಿತ್ರಪುಸ್ತಕದ ತಾಣಗಳು, ರಸಪ್ರಶ್ನೆಯ ಆಟಗಳು, ಎಲ್ಲ ನನ್ನ ಫೋನಿನಲ್ಲಿದ್ದವು. ಶಾಲೆಗೆ ಯಾರೋ ದಾನ ಕೊಟ್ಟ ಟೀವಿಯೂ ಇತ್ತು. ಇನ್ನೇನು ಬೇಕು ಅಂದುಕೊಂಡಿದ್ದೆ. ಅಕ್ಕೋರು ಬೇಡ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಹಳೆಯ ಕಾಲದವರು ಎಂದು ಬಿಟ್ಟುಬಿಡಬಹುದಿತ್ತು. ಅವರು ಬೇಡ ಅನ್ನಲಿಲ್ಲ. ಪ್ರತಿಯೊಂದನ್ನೂ ಮೊದಲು ತಾವು ನೋಡಬೇಕು ಅಂದರು. ಅದೂ ಪೂರ್ತಿ. ಅದೂ ಬಸ್ಸಿನಲ್ಲಿ, ಎಲ್ಲರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ. ಪಾಸ್‌ವರ್ಡ್ ಹೇಳಿದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ಆಮೇಲೆ ನೋಟ್‌ಬುಕ್ಕನ್ನೇ ಎಲ್ಲೋ ಇಟ್ಟು ಮರೆಯುತ್ತಿದ್ದರು.

ಒಮ್ಮೆ ಎರಡು ದಿನ ಹುಡುಕಿ ಬೀಜ ಮೊಳೆಯುವ ವಿಡಿಯೋ ಒಂದನ್ನು ತಂದಿದ್ದೆ. ಮೂರು ನಿಮಿಷದ್ದು. ಅಕ್ಕೋರು ಹತ್ತು ಹತ್ತು ಸೆಕೆಂಡಿಗೆ ನಿಲ್ಲಿಸಿ ನಿಲ್ಲಿಸಿ ಮಕ್ಕಳನ್ನು ಪ್ರಶ್ನೆ ಕೇಳುತ್ತ ಅದನ್ನು ಮುಕ್ಕಾಲು ತಾಸು ಮಾಡಿದರು. ನಡುವೆ ಎದ್ದು ಹೋಗಿ ಪಕ್ಕದ ಹೊಲದಿಂದ ಒಂದು ತೊಗರಿ ಗಿಡವನ್ನು ಬೇರುಸಹಿತ ಕಿತ್ತು ತಂದರು. ನಾನು ರಿಮೋಟು ಹಿಡಿದು ನಿಂತೇ ಇದ್ದೆ. ಮಧ್ಯಾಹ್ನ ನಾನೂ ಮಕ್ಕಳಿಂದ ತಟ್ಟೆಯಲ್ಲಿ ಹೆಸರುಕಾಳು ಮೊಳಕೆಗೆ ಹಾಕಿಸಿದೆ. ಶಾಲೆ ಬಿಡುವ ಹೊತ್ತಿಗೆ ಎರಡನೆಯ ತರಗತಿಯ ಹುಡುಗಿಯೊಬ್ಬಳು ಅಳಲು ಶುರು ಮಾಡಿದಳು. ಟೀವಿಯ ಬೀಜ ಕಣ್ಣೆದುರೇ ಗಿಡವಾಗಿತ್ತು; ತನ್ನದು ಸತ್ತಿದೆ ಎಂದು ಅವಳ ದುಃಖ.

ಅಕ್ಕೋರು ಅವಳ ಮೂಗು ಒರೆಸಿ ನನ್ನ ಕಡೆ ನೋಡಿದರು. "ನಿನ್ನ ಫೋನಿನ ಬೀಜಕ್ಕ ಭಾಳ ಅವಸರ ಅದ ತಂಗಿ. ನಮ್ಮ ಮಕ್ಕಳಿಗಿ ಅದನ್ನ ಮೊದಲ ಹೇಳಬೇಕಿತ್ತು."

ಸರಿಯಾಗಿಯೇ ಹೇಳಿದ್ದರು. ಅದಕ್ಕೇ ಇನ್ನಷ್ಟು ಉರಿಯಿತು.

ನಿಜವಾದ ಜಗಳ ಬಂದದ್ದು ಓದಿಸುವ ಆ್ಯಪ್‌ನಿಂದ. ಮಗು ಪರದೆಯ ಮೇಲಿನ ಸಾಲನ್ನು ಗಟ್ಟಿಯಾಗಿ ಓದಬೇಕು. ಫೋನು ಕೇಳಿಸಿಕೊಂಡು, ಸರಿಯಾದ ಪದಕ್ಕೆ ಹಸಿರು, ತಪ್ಪಾದ ಪದಕ್ಕೆ ಕೆಂಪು ಬಣ್ಣ ಬಳಿಯುತ್ತದೆ. ತಪ್ಪಾದಾಗ 'ಟುಂಯ್' ಅಂತ ಸದ್ದು. ದಿನದ ಕೊನೆಗೆ ಎಷ್ಟು ಮಕ್ಕಳಿಗೆ ಎಷ್ಟು ಹಸಿರು ಎಂದು ಸುತ್ತಲಿನ ಶಾಲೆಗಳ ವಾಟ್ಸಾಪ್ ಗುಂಪಿಗೆ ಫೋಟೋ ಕಳಿಸಬೇಕಿತ್ತು. ನನಗೆ ಆ ಗುಂಪಿನಲ್ಲಿ ಬರುವ ಚಪ್ಪಾಳೆಗಳ ಚಟ ಹತ್ತಿತ್ತು, ಸುಳ್ಳೇಕೆ ಹೇಳಲಿ.

ಮೂರನೆಯ ತರಗತಿಯಲ್ಲಿ ಮರೆಮ್ಮ ಎಂಬ ಹುಡುಗಿ ಇದ್ದಳು. ಚೂಟಿ, ಬಾಯಿ ಜೋರು. ಪರದೆಯ ಮೇಲೆ 'ಮನೆಯ ಮುಂದೆ ಬೇವಿನ ಮರ ಇದೆ' ಎಂದಿತ್ತು. ಅವಳು ಬೆರಳಿಟ್ಟುಕೊಂಡು ಸರಾಗವಾಗಿ ಓದಿದಳು: "ಮನಿ ಮುಂದ ಬೇವಿನ ಗಿಡ ಅದ." ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುವುದು. 'ಬೇವಿನ' ಒಂದೇ ಹಸಿರು, ಉಳಿದದ್ದೆಲ್ಲ ಕೆಂಪು. ಟುಂಯ್, ಟುಂಯ್, ಟುಂಯ್. ಹುಡುಗರು ನಕ್ಕರು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಅವಳು ಬಾಯಿಯೇ ಬಿಡಲಿಲ್ಲ. ನಾಲ್ಕನೆಯ ದಿನ ಶಾಲೆಗೇ ಬರಲಿಲ್ಲ. ಹೊಲಕ್ಕೆ ಹೊರಟಿದ್ದ ಅವಳ ತಾಯಿ ಗೇಟಿನ ಹತ್ತಿರ ನಿಂತು, "ಶಾಲ್ಯಾಗ ಫೋನು ಬೈತದಂತರಿ, ಒಲ್ಲೆ ಅಂತಾಳ" ಅಂದಳು.

ಅಕ್ಕೋರು ನನ್ನನ್ನು ಕೋಣೆಗೆ ಕರೆದರು. "ಮೇಡಂ, ಆ ಹುಡುಗಿ ಮರ ಅಂತ ಬರದದ್ದು ನೋಡಿ ಗಿಡ ಅಂದಳು. ಅಂದ್ರ ಆಕಿಗಿ ತಿಳದದ. ತಿಳೀಲಾರದಾಕಿ ಮರ ಅಂತ ಒದರಿ ಕೂಡ್ತಿದ್ಲು. ನಿನ್ನ ಫೋನಿಗಿ ಕಿವಿ ಅದಾವ, ತಿಳಕೊಳ್ಳಾಕ ಬರಂಗಿಲ್ಲ."

"ಪುಸ್ತಕದಾಗ ಇದ್ದಂಗ ಓದಬೇಕಲ್ರಿ ಅಕ್ಕೋರ? ನಾಳಿ ಪರೀಕ್ಷಾದಾಗ ಮನಿ, ಗಿಡ ಅಂತ ಬರದ್ರ ಯಾರು ಮಾರ್ಕ್ಸ್ ಹಾಕ್ತಾರ?"

"ಪುಸ್ತಕದ ಮಾತು ಕಲೀಬೇಕು, ನಾ ಎಲ್ಲಿ ಬ್ಯಾಡ ಅಂದೆ? ಕಲೀಬೇಕಂದ್ರ ಮೊದಲ ಬಾಯಿ ತೆಗೀಬೇಕು. ನೀ ಬಾಯೇ ಮುಚ್ಚಿಸೀದಿ."

ಆ ವಾರವೇ ತಾಲ್ಲೂಕಿನಿಂದ ಒಬ್ಬ ಅಧಿಕಾರಿ ನಮ್ಮ ಶಾಲೆಯ ಆ್ಯಪ್ ಓದು ನೋಡಲು ಬರುವವರಿದ್ದರು. ಹಸಿರು ಹೆಚ್ಚು ಬರುವ ಐದು ಮಕ್ಕಳನ್ನು ನಾನು ಆರಿಸಿ ಇಟ್ಟಿದ್ದೆ. ಅವರು ಬರುವ ದಿನ ಬೆಳಿಗ್ಗೆ ಅಕ್ಕೋರು ಬಸ್ಸಿಳಿದವರೇ ಶಾಲೆಯ ಕಡೆ ಬರಲಿಲ್ಲ; ಓಣಿಯೊಳಗೆ ಹೋದರು. ಅರ್ಧ ತಾಸಿನ ಮೇಲೆ ಮರೆಮ್ಮನ ಕೈ ಹಿಡಿದು ಬಂದರು. ನಾನು ಅವಳನ್ನು ಹಿಂದಿನ ಸಾಲಿನಲ್ಲಿ ಕೂಡಿಸಿದೆ.

ಸಾಹೇಬರು ಬಂದು ಕೂತರು. ನನ್ನ ಐದು ಮಕ್ಕಳಲ್ಲಿ ಇಬ್ಬರು ಓದಿದರು, ಹಸಿರು ಬಂತು. ಅಷ್ಟರಲ್ಲಿ ಸಾಹೇಬರೇ ಬೆರಳು ತೋರಿಸಿ, "ಆ ಹುಡುಗಿ ಓದಲಿ" ಅಂದರು. ಬೆರಳು ಬಿದ್ದದ್ದು ಮರೆಮ್ಮನ ಮೇಲೆ. ಅವಳು ಎದ್ದು ಬಂದು ಫೋನಿನ ಮುಂದೆ ಕೂತಳು. ಅದೇ ಸಾಲು. ತುಟಿ ಬಿಗಿದುಕೊಂಡು ನೆಲ ನೋಡತೊಡಗಿದಳು.

ಅಕ್ಕೋರು ಕುರ್ಚಿಯಿಂದ ಎದ್ದರು. ಸೆರಗು ಸಿಕ್ಕಿಸಿಕೊಂಡು, ಮಂಡಿ ನೋವಿಗೆ ನರಳುತ್ತ, ಅವಳ ಪಕ್ಕ ನೆಲದ ಮೇಲೆ ಕೂತರು. ಕಿವುಡ ನೆಂಟನ ಜೊತೆ ಮಾತಾಡುವವರ ಹಾಗೆ ಫೋನಿನ ಕಡೆ ಬಾಗಿ, ಗಟ್ಟಿಯಾಗಿ ಓದಿದರು.

"ಮನಿ ಮುಂದ ಬೇವಿನ ಗಿಡ ಅದ!"

ಟುಂಯ್. ಪರದೆ ಕೆಂಪಾಯಿತು. ಹುಡುಗರು ಉಸಿರು ಹಿಡಿದರು. ಅಕ್ಕೋರಿಗೆ ತಪ್ಪು ಬೀಳುವುದನ್ನು ಆ ಊರಲ್ಲಿ ಯಾರೂ ನೋಡಿರಲಿಲ್ಲ.

"ನೋಡ್ರೋ, ನಾ ಫೇಲಾದೆ" ಅಂದರು ಅಕ್ಕೋರು. ಮತ್ತೆ ಓದಿದರು. ಮತ್ತೆ ಟುಂಯ್. "ಇದರ ಹಣೇಬರಹ! ಇದಕ್ಕೇನಂದ್ರ ತಿಳೀತದ?"

ಮರೆಮ್ಮ ತಲೆ ಎತ್ತಿದಳು. ಅವಳ ಬಾಯಿಯ ಒಂದು ತುದಿ ಅಲುಗಿತು. "ಹಂಗಲ್ರಿ ಅಕ್ಕೋರ" ಅಂದಳು ಮೆಲ್ಲಗೆ, "ಅದಕ್ಕ ಮನಿ ತಿಳಿಯಂಗಿಲ್ರಿ. ಮನೆ ಅನ್ಬೇಕ್ರಿ."

"ಹೌದೇನು? ಮತ್ತ ಗಿಡ?"

"ಮರ ಅನ್ರಿ."

"ನೀ ಒಂದು ಸಲ ಅಂದು ತೋರಸು. ನನಗ ಬರವಲ್ದು."

ಹುಡುಗಿ ಫೋನನ್ನು ತನ್ನ ಕಡೆ ಎಳೆದುಕೊಂಡು, ಒಂದೊಂದೇ ಪದ ಬಿಡಿಸಿ, ಮನೆಯ, ಮುಂದೆ, ಬೇವಿನ, ಮರ, ಇದೆ ಎಂದು ಓದಿದಳು. ಸಾಲು ಪೂರ್ತಿ ಹಸಿರು. ಆಮೇಲೆ ಅಕ್ಕೋರನ್ನು ಕೂಡಿಸಿಕೊಂಡು ಮುಂದಿನ ಸಾಲಿಗೆ ಹೋದಳು. ಅವರು ಎಮ್ಮಿ ಅಂದರೆ ಅವಳು ಎಮ್ಮೆ ಅನ್ನುವುದು, ಅವರು ಕೆಳಗ ಅಂದರೆ ಅವಳು ಕೆಳಗೆ ಅನ್ನುವುದು. ಹುಡುಗರೆಲ್ಲ ಸುತ್ತ ಮುತ್ತಿಕೊಂಡು ಅಕ್ಕೋರನ್ನು ತಿದ್ದತೊಡಗಿದರು. ನಾನು ಆರಿಸಿದ ಐವರು ಮಕ್ಕಳೂ ಆ ಗದ್ದಲದಲ್ಲೇ ಇದ್ದರು. ನನ್ನ ಪಾಠ ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ.

ಸಾಹೇಬರು ಕರವಸ್ತ್ರ ಬಾಯಿಗೆ ಹಿಡಿದು ನಕ್ಕರು. ಹೋಗುವಾಗ ಸಂದರ್ಶನ ಪುಸ್ತಕದಲ್ಲಿ ಬರೆದರು: 'ಶಿಕ್ಷಕಿಯರು ಆ್ಯಪ್ ಬಳಕೆಯ ಬಗ್ಗೆ ಇನ್ನಷ್ಟು ತರಬೇತಿ ಪಡೆಯುವುದು.' ಶಿಕ್ಷಕಿಯರು! ಬಹುವಚನ!

ಸಂಜೆಯ ಬಸ್ಸಿನಲ್ಲಿ ನಾನು ತಡೆದುಕೊಳ್ಳಲಿಲ್ಲ. "ಬೇಕಂತನೇ ಮಾಡಿದ್ರಿ ನೀವು."

"ಏನ್ ಬೇಕಂತ? ನಾ ಓದೋದೇ ಹಂಗ."

"ನಿಮ್ಮದು ಮುಗೀತ್ರಿ ಅಕ್ಕೋರ. ನನ್ನದು ಇನ್ನೂ ಮೂವತ್ತು ವರ್ಷ ನೌಕರಿ ಅದ. ನನ್ನ ಹೆಸರು ಕೆಡಿಸಿದ್ರಿ."

ಅವರು ಕಿಟಕಿಯ ಕಡೆ ತಿರುಗಿದರು. ರಂಗಂಪೇಟೆಯಲ್ಲಿ ಇಳಿಯುವಾಗ, "ನಾಳಿ ಬುತ್ತಿ ತರಬ್ಯಾಡ, ನಾ ಪುಂಡಿಪಲ್ಯ ಮಾಡ್ತೀನಿ" ಅಂದರು. ಅದು ಅವರ ರಾಜಿಯೋ, ನಾನು ಆಡಿದ್ದು ಅವರಿಗೆ ನಾಟಿರಲೇ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಆಮೇಲಿನ ಎರಡೂವರೆ ವರ್ಷ ನನ್ನನ್ನು ಹೈರಾಣ ಮಾಡಿದರು. ಬೋರ್ಡಿನ ನಡುವೆ ಗೀಟು ಎಳೆದು ಒಂದು ಕಡೆ 'ಮನಿ ಮಾತು', ಇನ್ನೊಂದು ಕಡೆ 'ಪುಸ್ತಕದ ಮಾತು' ಎಂದು ಬರೆಸಿದರು. ಪುಕ್ಕಟೆ ತಾಣದಿಂದ ಮಾತಿಲ್ಲದ ಚಿತ್ರಪುಸ್ತಕಗಳನ್ನು ಇಳಿಸಿ, ಮಕ್ಕಳು ಮೊದಲು ತಮ್ಮ ಮಾತಿನಲ್ಲಿ ಕತೆ ಹೇಳುವುದು, ಆಮೇಲೆ ಪುಸ್ತಕದ ಮಾತಿನಲ್ಲಿ ಹೇಳುವುದು, ಎರಡನ್ನೂ ನಾನು ಫೋನಿನಲ್ಲಿ ಧ್ವನಿ ಹಿಡಿಯುವುದು. ನಡುವೆ ಮೇಕೆ ಕೂಗಿದರೆ ಮತ್ತೊಮ್ಮೆ. ಹಿಟ್ಟಿನ ಗಿರಣಿ ಶುರುವಾದರೆ ಮತ್ತೊಮ್ಮೆ. ಟ್ರ್ಯಾಕ್ಟರ್ ಹೋದರೆ ಮತ್ತೊಮ್ಮೆ. ಮಗು ಸರಿಯಾಗಿ ಹೇಳಿದಾಗ ಅಕ್ಕೋರೇ "ಶಾಬಾಸ್!" ಎಂದು ಕೂಗಿ ಕೆಡಿಸುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಫೋನು: "ತಂಗಿ, ಆ ನರಿ ಕತಿ ಇನ್ನೊಂದ್ಸಲ ಹಿಡೀಬೇಕು. ಅದರಾಗ ನೀ ಕೆಮ್ಮೀದಿ." ನಾನು ದಿಂಬಿಗೆ ಹಣೆ ಚಚ್ಚಿಕೊಳ್ಳುತ್ತಿದ್ದೆ. ವಾಟ್ಸಾಪ್ ಗುಂಪಿನಲ್ಲಿ ನಮ್ಮ ಶಾಲೆಗೆ ಚಪ್ಪಾಳೆ ನಿಂತುಹೋದವು. ಆದರೆ ಆ ವರ್ಷಗಳಲ್ಲಿ ಮೂರನೆಯ ತರಗತಿಯಲ್ಲಿ ಓದಲು ಬಾಯಿ ತೆಗೆಯದ ಮಗು ಒಂದೂ ಇರಲಿಲ್ಲ. ಇದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಇನ್ನಷ್ಟು ಕೆಲಸ ಹಚ್ಚುತ್ತಿದ್ದರು.

ಅವರು ನಿವೃತ್ತರಾಗಿ ವರ್ಷ ತುಂಬುವುದರೊಳಗೆ ಹೊಟ್ಟೆಯ ಆಪರೇಷನ್ ಆಯಿತು. ಕಲಬುರಗಿಯಿಂದ ಮನೆಗೆ ಕರೆತಂದಿದ್ದಾರೆ, ಆದರೆ ಡಾಕ್ಟರು ಏನೂ ಭರವಸೆ ಕೊಟ್ಟಿಲ್ಲ ಎಂದು ತಿಳಿಯಿತು. ಅವರ ಬಳಿ ಒಂದು ಮಾತು ಆಡುವುದು ನನಗೆ ಬಾಕಿ ಇತ್ತು. ಬಸ್ಸಿನಲ್ಲಿ ಹಾಗೆ ಅಂದದ್ದು ತಪ್ಪಾಯಿತು ಎನ್ನಬೇಕಿತ್ತು. ಅರ್ಧ ದಿನ ರಜೆ ಹಾಕಿ ರಂಗಂಪೇಟೆಗೆ ಹೋದೆ.

ಅವರ ಯಜಮಾನರು ಬಾಗಿಲು ತೆಗೆದರು. ಅಕ್ಕೋರು ಮಂಚದ ಮೇಲೆ ಅಂಗೈಯಷ್ಟಾಗಿ ಮಲಗಿದ್ದರು. ನನ್ನನ್ನು ನೋಡಿ ಮುಖ ಅರಳಿತು. ಮರುಗಳಿಗೆಯೇ ಹುಬ್ಬು ಗಂಟಿಕ್ಕಿತು.

"ಇವತ್ತು ಯಾವ ವಾರ?"

"ಮಂಗಳವಾರರಿ."

"ಶಾಲಿ?"

"ಅರ್ಧ ದಿನ ರಜಾ ಹಾಕೀನ್ರಿ."

"ಅತಿಥಿ ಟೀಚರ್ ಬಂದಾಳೇನು?"

ಅಕ್ಕೋರ ಜಾಗಕ್ಕೆ ಕೊಟ್ಟಿದ್ದ ಅತಿಥಿ ಶಿಕ್ಷಕಿ ಅವಳು. ಅವತ್ತು ಅವಳೂ ಬಂದಿರಲಿಲ್ಲ.

"ಮಕ್ಕಳನ್ನ ಯಾರ ಕಡಿ ಬಿಟ್ಟು ಬಂದಿ?"

"ಅಡಿಗಿ ಮಾಡಾಕಿ ನೋಡ್ಕೊತಾಳ್ರಿ..."

"ಏಳು. ಎರಡರ ಬಸ್ಸು ಇನ್ನೂ ಹೋಗಿಲ್ಲ."

"ಚಾ ಇಟ್ಟೀನಿ, ಕುಡದು ಹೋಗಲಿ ಬಿಡು" ಅಂದರು ಯಜಮಾನರು.

"ಚಾ ಎಲ್ಲಿ ಓಡಿ ಹೋಗ್ತದ? ಬಸ್ಸು ಓಡಿ ಹೋಗ್ತದ. ಏಳು ಮೇಡಂ!"

ಆ ದನಿ ಎಲ್ಲಿತ್ತೋ ಆ ದೇಹದಲ್ಲಿ. ನಾನು ಹೇಳಬೇಕೆಂದು ಬಂದದ್ದನ್ನು ಹೇಳದೆ ಎದ್ದೆ. ಸಿಟ್ಟಿಗೂ ಅಳುವಿಗೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡೆ. ಶಾಲೆ ಮುಟ್ಟಿದಾಗ ಇನ್ನೂ ಒಂದು ತಾಸಿನ ಪಾಠ ಉಳಿದಿತ್ತು. ಬಯಲಲ್ಲಿ ಧೂಳೆಬ್ಬಿಸುತ್ತಿದ್ದ ಮಕ್ಕಳನ್ನು ಒಳಗೆ ಕರೆದೆ, ಪಾಠ ಮಾಡಿದೆ.

ಅದೇ ವಾರದ ಕೊನೆಗೆ ಅವರು ತೀರಿಕೊಂಡರು. ಭಾನುವಾರ. ಮಣ್ಣಿಗೆ ಹೋಗಲು ನಾವ್ಯಾರೂ ರಜೆ ಹಾಕಬೇಕಾಗಿ ಬರಲಿಲ್ಲ.