ಕಹಳೆ ಸೇರಿಸಿದ ಎರಡು ಮಾತು

ಊರಿನವರು ಅವನಿಗೆ ಇಟ್ಟ ಹೆಸರು ಕಹಳೆ. ಆಟೋದ ನೆತ್ತಿಗೆ ಎರಡು ಧ್ವನಿವರ್ಧಕ ಬಿಗಿದು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೈಕು ಹಿಡಿದು, ಇಪ್ಪತ್ತೆರಡು ವರ್ಷಗಳಿಂದ ಒಂಬತ್ತು ಬೀದಿಗಳಿಗೆ ಸುದ್ದಿ ಹಂಚುವುದು ಅವನ ಕಸುಬು. ಕರೆಂಟು ಹೋಗುವುದು, ಬೀಗದ ಕೈ ಕಳೆದದ್ದು, ಹಾಸಿಗೆ ಅಂಗಡಿಯ ರಿಯಾಯಿತಿ, ಯಾರದೋ ಸಾವು, ಎಲ್ಲವೂ ಅವನ ಗಂಟಲಿನಿಂದಲೇ ಹೊರಡಬೇಕು. ಕಹಳೆ ಎಂದು ಜನ ತಮಾಷೆಗೆ ಕರೆದರು; ಅವನು ಅದನ್ನು ಬಿರುದೆಂದು ತೊಟ್ಟುಕೊಂಡ.

ಹಾಗಂತ ಬರೀ ಗಂಟಲಿನ ಮನುಷ್ಯನೂ ಅಲ್ಲ. ಹಿಂದೊಮ್ಮೆ ಬೂಟಿನ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದಾಗ, ಅವರ ಸಭೆಯ ವಿಷಯ ಸಾರಬೇಡ ಎಂದು ಪೊಲೀಸರು ಹೇಳಿದರು. ಇವನು ಸಾರಿದ. ಅವರು ಬ್ಯಾಟರಿ ಕಿತ್ತುಕೊಂಡು ಹೋದರು. ಹನ್ನೊಂದು ದಿನ ಬರಿಗಂಟಲಲ್ಲೇ ಕೂಗುತ್ತ ತಿರುಗಿದ. ಕೊನೆಗೆ ಬ್ಯಾಟರಿ ವಾಪಸ್ಸು ಬಂತು. ಅದರ ಜೊತೆಗೆ ಒಂದು ಠೀವಿಯೂ ಬಂತು, ಅದು ಮಾತ್ರ ಮತ್ತೆ ಹೋಗಲೇ ಇಲ್ಲ.

"ನನ್ನ ಬಾಯಿಗೆ ಬೀಗ ಹಾಕೋ ಗಂಡು ಇನ್ನೂ ಹುಟ್ಟಿಲ್ಲ" ಎಂದು ಮನೆಯಲ್ಲೂ ಹೇಳುತ್ತಿದ್ದ.

"ಹೆಣ್ಣು ಹುಟ್ಟಿ ಆಗಿದೆ. ಊಟಕ್ಕೆ ಬನ್ನಿ" ಎನ್ನುತ್ತಿದ್ದಳು ಹೆಂಡತಿ.

ಆವತ್ತು ಬೆಳಿಗ್ಗೆ ನೀರಿನ ಕಚೇರಿಯಿಂದ ಒಂದು ಚೀಟಿ ಬಂತು. ಮುಖ್ಯ ಪೈಪು ಒಡೆದಿದೆ, ದುರಸ್ತಿಗಾಗಿ ಎರಡು ದಿನ ನಲ್ಲಿಯಲ್ಲಿ ನೀರು ಬರುವುದಿಲ್ಲ. ಅಷ್ಟೇ. ಒಂದೊಂದು ಬೀದಿಯಲ್ಲೂ ಮೂರು ಮೂರು ಸಲ ಹೇಳುವುದು ಅವನ ಪದ್ಧತಿ. ಮೊದಲ ಬೀದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದ. ಒಂದು ಕಿಟಕಿಯೂ ತೆರೆಯಲಿಲ್ಲ. ಎರಡನೆಯದರಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ನಾಲ್ಕನೆಯ ಬೀದಿಯಲ್ಲಿ ಕೊಂಚ ಒಗ್ಗರಣೆ ಹಾಕಿದ: "ದುರಸ್ತಿ ಅಂತಾರೆ. ನೀರಿಗೆ ಏನು ಸೇರಿದೆಯೋ ಬಲ್ಲವರು ಯಾರು?" ಎರಡು ಕಿಟಕಿ ತೆರೆದವು. ಏಳನೆಯ ಬೀದಿಯ ಹೊತ್ತಿಗೆ ಅದು "ನೀರಿಗೆ ವಿಷ ಬೆರೆತಿದೆಯಂತೆ, ಪಂಪ್‌ಮನೆಯವರು ಬಾಯಿ ಬಿಡ್ತಿಲ್ಲ" ಎಂದಾಗಿತ್ತು. ಮಹಡಿಗಳಿಂದ ಜನ ಬಗ್ಗಿ ನೋಡಿದರು. ಒಬ್ಬಾಕೆ ತುಂಬಿದ ಬಕೆಟ್ಟನ್ನು ನಡುಬೀದಿಗೆ ಚೆಲ್ಲಿದಳು. ಬಹಳ ದಿನಗಳ ಮೇಲೆ ಕಹಳೆಗೆ ತಾನು ಬದುಕಿದ್ದೇನೆ ಅನ್ನಿಸಿತು.

ಪಂಪ್‌ಮನೆಯವರು ಎಂದು ಮೈಕಿನಲ್ಲಿ ಹೇಳಿದರೆ ಇಡೀ ದಂಡೇ ಇದ್ದ ಹಾಗೆ ಕೇಳುತ್ತದೆ. ನಿಜಕ್ಕೆ ಅಲ್ಲಿ ಇದ್ದವನು ಒಬ್ಬ, ಕಹಳೆಯ ಹೆಂಡತಿಯ ತಮ್ಮ. ಮಾತು ಹೊರಡುವಾಗ ಇವನಿಗೆ ಅದು ಹೊಳೆಯಲೇ ಇಲ್ಲ. ಇವನ ಮಟ್ಟಿಗೆ ಪಂಪ್‌ಮನೆಯವರು ಎಂದರೆ ಸರ್ಕಾರ. ಭಾವಮೈದುನ ಎಂದರೆ ಭಾನುವಾರ ಬಂದು ಪೇಪರನ್ನು ತನಗಿಂತ ಮೊದಲು ಓದಿಬಿಡುವವನು.

ಹನ್ನೊಂದು ಗಂಟೆಗೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದಳು.

"ತಮ್ಮ ಫೋನ್ ಮಾಡಿದ್ದ. ಪಂಪ್‌ಮನೆ ಮುಂದೆ ನೂರು ಜನ ಸೇರಿದಾರಂತೆ. ಒಳಗಿಂದ ಚಿಲಕ ಹಾಕ್ಕೊಂಡಿದಾನೆ. ಕಲ್ಲು ತೂರಿದಾರೆ, ಕಿಟಕಿ ಗಾಜು ಒಡೆದು ಹಣೆಗೆ ಬಡಿದಿದೆ. ಪೊಲೀಸರು ಬರೋಕೆ ಅರ್ಧ ಗಂಟೆ ಆಗುತ್ತಂತೆ."

"ಯಾಕೆ ಸೇರಿದಾರೆ? ಯಾರು ಏನು ಹೇಳಿದ್ರಂತೆ ಅವರಿಗೆ?"

"ನೀವು."

"ನಾನು ವಿಷ ಇದೆ ಅಂದಿಲ್ಲ ಕಣೇ. ಇದೆಯಂತೆ ಅಂದೆ."

"ಅಂತೆ ಅಂದ್ರೆ ಕಲ್ಲು ಮೆತ್ತಗಾಗುತ್ತೇನ್ರೀ?"

"ಪ್ರಶ್ನೆ ಕೇಳೋ ಹಕ್ಕು ಎಲ್ಲರಿಗೂ ಇದೆ. ನಾನೂ ಕೇಳ್ದೆ."

"ಅವನನ್ನೇ ಕೇಳ್ಬೋದಿತ್ತಲ್ಲ. ನಂಬರು ನಿಮ್ಮ ಹತ್ರ ಇರ್ಲಿಲ್ವಾ?"

ಕಹಳೆ ಆಟೋ ತಿರುಗಿಸಿದ.

ಪಂಪ್‌ಮನೆ ಎಂದರೆ ಒಂದೇ ಕೋಣೆ, ಒಂದು ಕಬ್ಬಿಣದ ಬಾಗಿಲು, ಒಂದು ಕಿಟಕಿ. ದುರಸ್ತಿಗೆಂದು ತಂದಿಟ್ಟಿದ್ದ ಪೈಪನ್ನೇ ಸಂದಿಗೆ ತೂರಿಸಿ ನಾಲ್ಕು ಜನ ಬಾಗಿಲು ಮೀಟುತ್ತಿದ್ದರು. ಒಡೆದ ಕಿಟಕಿಯೊಳಗೆ ಭಾವಮೈದುನ ಕಂಡ. ಹಣೆಗೆ ಟವೆಲು ಒತ್ತಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕಾಲನ್ನು ಮೋಟಾರಿಗೆ ಊರಿದ್ದ.

ಕಹಳೆ ಮೈಕು ಎತ್ತಿ ಗಂಟಲು ಸರಿಮಾಡಿಕೊಂಡ. "ಮಹಾಜನರೇ, ನೀರಿನಲ್ಲಿ ವಿಷ ಇಲ್ಲ. ಬೆಳಿಗ್ಗೆಯ ಪ್ರಕಟಣೆ ತಪ್ಪಾಗಿದೆ. ಒಡೆದಿರುವುದು ಪೈಪು ಮಾತ್ರ."

ಎಲ್ಲರೂ ಇವನತ್ತ ತಿರುಗಿದರು. ಆಮೇಲೆ ಏಳನೆಯ ಬೀದಿಯ ದರ್ಜಿ ಹೇಳಿದ, "ನೋಡಿದ್ರಾ? ಇವನ ಬಾಯೂ ಮುಚ್ಚಿಸಿಬಿಟ್ರು."

"ಅವತ್ತು ಬ್ಯಾಟರಿ ಕಿತ್ಕೊಂಡ್ರು. ಇವತ್ತು ಏನು ತೋರಿಸಿ ಹೆದರಿಸಿದಾರೋ" ಎಂದ ಇನ್ನೊಬ್ಬ.

"ಹೆದರ್ಬೇಡ ಅಣ್ಣಾ, ನಾವಿದೀವಿ."

ಯಾರೋ ಚಪ್ಪಾಳೆ ತಟ್ಟಿದರು. ಹಿಂದೆಯೇ ಹತ್ತಾರು ಕೈ ಸೇರಿದವು. ಇಪ್ಪತ್ತೆರಡು ವರ್ಷ ಕಾದ ಚಪ್ಪಾಳೆ ಅದು. ಹೇಳಲು ನಾಚಿಕೆ, ಆದರೂ ಹೇಳಬೇಕು: ಕಹಳೆಯ ಎದೆ ಒಂದು ಕ್ಷಣ ಉಬ್ಬಿತು. ಅಷ್ಟರಲ್ಲಿ ಬಾಗಿಲಿನ ಮೇಲಿನ ಕೀಲು ಕಿತ್ತು ಬಂತು.

"ಯಾರೂ ಹೆದರಿಸಿಲ್ಲ" ಎಂದ. ಈಗ ಆ ಪ್ರಕಟಣೆಯ ಧ್ವನಿ ಇರಲಿಲ್ಲ. "ಮೊದಲ್ನೇ ಬೀದೀಲಿ ಚೀಟೀಲಿ ಇದ್ದದ್ದನ್ನೇ ಓದ್ದೆ. ಯಾರೂ ಕಿಟಕಿ ತೆಗೀಲಿಲ್ಲ. ಬೇಜಾರಾಯ್ತು. ನಾಲ್ಕನೇ ಬೀದೀಲಿ ಒಂದು ಮಾತು ಸೇರಿಸ್ದೆ, ಏಳನೇದ್ರಲ್ಲಿ ವಿಷ ಅಂದೆ. ನನಗೆ ಯಾರೂ ಹೇಳಿದ್ದಲ್ಲ, ಎಲ್ಲೂ ಕೇಳಿದ್ದಲ್ಲ. ನೀವು ತಿರುಗಿ ನೋಡ್ಲಿ ಅಂತ ಅಂದೆ, ಅಷ್ಟೇ. ಒಂದನೇ ಬೀದಿಯೋರು ಯಾರಾದ್ರೂ ಇದ್ರೆ ಹೇಳಿ, ಅಲ್ಲಿ ವಿಷ ಅಂದ್ನಾ?"

ಗುಂಪಿನ ಅಂಚಿನಿಂದ ನಿವೃತ್ತ ನರ್ಸಮ್ಮ ಮುಂದೆ ಬಂದರು. "ಇಲ್ಲಪ್ಪ. ನೀನು ಬರೀ ಪೈಪು ಅಂದೆ, ಮೂರು ಸಲಾನೂ. ನಾನು ಕಿಟಕಿ ಹಿಂದೇನೇ ಕೂತಿದ್ದೆ. ಕಿಟಕಿ ಮುಚ್ಚಿದ್ರೆ ಕಿವಿ ಮುಚ್ಚಿದೀವಿ ಅಂತಾನಾ?"

ನಾಲ್ಕನೆಯ ಬೀದಿಯವನು ದರ್ಜಿಯ ಕಡೆ ತಿರುಗಿದ. "ನಮ್ಮಲ್ಲೂ ವಿಷ ಅನ್ಲಿಲ್ಲ ಕಣೋ. ಬಲ್ಲವರು ಯಾರು ಅಂದ. ನೀನೇ ಬಂದು ವಿಷ ಅಂದದ್ದು."

"ನಾನು ಇವನು ಹೇಳಿದ್ದನ್ನ ಹೇಳ್ದೆ."

ಬೀದಿ ಬೀದಿಯ ಮಾತುಗಳನ್ನು ಜೋಡಿಸಿ ನೋಡುವಷ್ಟರಲ್ಲಿ ಪೈಪು ಹಿಡಿದವರ ಕೈ ಸಡಿಲವಾಯಿತು. ಪೈಪು ಠಣ್ಣೆಂದು ನೆಲಕ್ಕೆ ಬಿತ್ತು. ಆದರೆ ಬಂದ ಸಿಟ್ಟು ಹಾಗೇ ಮನೆಗೆ ಹೋಗುತ್ತದೆಯೇ? ಅದು ಆಟೋದ ಕಡೆ ತಿರುಗಿತು. ದರ್ಜಿ ಬಂದವನೇ ಮೈಕಿನ ವೈರಿಗೆ ಕೈ ಹಾಕಿದ.

"ಇಂಥವನಿಗೆ ಮೈಕೇ ಕೊಡ್ಬಾರ್ದು. ಕಚೇರಿ ಬರೆದದ್ದು ಬಿಟ್ಟು ಇನ್ಮೇಲೆ ಒಂದಕ್ಷರ ಆಡ್ಕೂಡದು."

ಕಹಳೆ ತಡೆಯಲಿಲ್ಲ. ತಡೆಯುವ ಮುಖ ಅವನಿಗೆ ಉಳಿದಿರಲಿಲ್ಲ.

ಒಳಗೆ ಚಿಲಕ ಸರಿದ ಸದ್ದಾಯಿತು. ಒಂದೇ ಕೀಲಿನ ಮೇಲೆ ಜೋತ ಬಾಗಿಲನ್ನು ಪಕ್ಕಕ್ಕೆ ತಳ್ಳಿ ಭಾವಮೈದುನ ಹೊರಗೆ ಬಂದ. ಟವೆಲು ಕೆಂಪಾಗಿತ್ತು. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಅದನ್ನ ಬಿಡಿ" ಎಂದ ದರ್ಜಿಗೆ. "ನೀವೀಗ ಮೈಕು ಕಿತ್ಕೊಂಡ್ರೆ, ಇಲ್ಲಿಗೆ ಬರದೆ ಇದ್ದೋರಿಗೆಲ್ಲ ಇದು ಸುಳ್ಳು ಅಂತ ಹೇಳೋರು ಯಾರು? ನೀವು ಹೋಗ್ತೀರಾ?"

ದರ್ಜಿ ವೈರು ಬಿಟ್ಟ. ನರ್ಸಮ್ಮ ಗಾಯ ನೋಡಲು ಕೈ ಚಾಚಿದರೆ "ಆಮೇಲೆ, ಅಮ್ಮಾ" ಎಂದು ಭಾವಮೈದುನ ಆಟೋದ ಹಿಂದಿನ ಸೀಟಿನಲ್ಲಿ ಕುಳಿತ.

"ಹಣೆಗೆ ಹೊಲಿಗೆ ಹಾಕಿಸ್ಬೇಕಲ್ಲಪ್ಪ. ಮೊದಲು ಆಸ್ಪತ್ರೆಗೆ ಹೋಗೋಣ" ಎಂದ ಕಹಳೆ, ತಿರುಗಿ ನೋಡಲು ಧೈರ್ಯ ಸಾಲದೆ.

"ದಾರೀಲೇ ಹೇಳ್ಕೊಂಡು ಹೋಗೋಣ. ಒಂಬತ್ತು ಬೀದೀಲೂ."

"ಒಂಬತ್ತಾ? ಮೊದಲ ಮೂರು ಬೀದೀಲಿ ನಾನು ಸರಿಯಾಗೇ ಹೇಳಿದ್ದೆನಲ್ಲ."

"ಮಾತು ಅಷ್ಟು ದೂರ ನಡ್ಕೊಂಡು ಹೋಗಿರುತ್ತೆ, ಭಾವ. ನಡೀರಿ."