ನಾನು ಬೇಯಿಸಿದ ಜಮಖಾನ

ತಂಗಿಯ ಕಾರ್ಡು ಬಂದದ್ದು ಗುರುವಾರ. ಅವಳ ಮಗಳು ದೊಡ್ಡವಳಾಗಿದ್ದಳು. ಭಾನುವಾರ ನಾಗಮಂಗಲದಲ್ಲಿ ಒಸಗೆ, ಹುಡುಗಿಯನ್ನು ಹಸೆಗೆ ಕೂರಿಸಲು ಅವ್ವನ ಜಮಖಾನ ತೆಗೆದುಕೊಂಡು ಬಾ ಎಂದು ಬರೆದಿದ್ದಳು. ನನ್ನದು ನಾಲ್ಕನೇ ಕ್ಲಾಸಿನ ಓದು. ಅಕ್ಷರ ಕೂಡಿಸಿಕೊಂಡು ಕೊನೆಯ ಸಾಲನ್ನು ಎರಡು ಸಲ ಓದಿದೆ. ಜಮಖಾನ ಇಟ್ಟಿದ್ದ ಪೆಟ್ಟಿಗೆಯನ್ನು ನಾನು ಆರು ವರ್ಷದಿಂದ ತೆಗೆದೇ ಇರಲಿಲ್ಲ.

ಅದು ಅವ್ವ ಕೆ.ಆರ್. ಪೇಟೆ ಕಡೆಯ ತನ್ನ ತವರಿನಿಂದ ತಂದಿದ್ದ ಉಣ್ಣೆಯ ಜಮಖಾನ. ಕೆಂಪು ಬಣ್ಣ, ನಡುನಡುವೆ ಬಿಳಿ ಪಟ್ಟೆ. ನಾನೂ ತಂಗಿಯೂ ಒಸಗೆಗೆ, ಮದುವೆಗೆ ಕೂತದ್ದು ಅದರ ಮೇಲೆಯೇ. ಅವ್ವನಿಗೆ ಗಂಡುಮಕ್ಕಳಿರಲಿಲ್ಲ. ನನ್ನ ಗಂಡ ಮನೆ ಅಳಿಯನಾಗಿ ಪಾಂಡವಪುರದ ಹತ್ತಿರದ ನಮ್ಮೂರಿಗೇ ಬಂದಿದ್ದರಿಂದ ಕಡೆಯವರೆಗೂ ಅವ್ವ ನನ್ನ ಜೊತೆಗಿದ್ದಳು.

"ಜಮಖಾನ ಚಿಕ್ಕೋಳ್ಗೆ ಕೊಡವ್ವ. ಅವ್ಳಿಗೆ ಎಣ್ಕೂಸದೆ. ಅದು ದೊಡ್ಡೋಳಾಗೋಗಂಟ ವರ್ಸಕ್ಕೊಂದ್ ದಪ ಬಿಸ್ಲಿಗಾಕು" ಎಂದು ಸಾಯುವ ಮುಂಚೆ ಹೇಳಿದ್ದಳು.

ನನಗೆ ಇಬ್ಬರೂ ಗಂಡುಮಕ್ಕಳು. ಎರಡು ವರ್ಷ ಹಾಸಿಗೆ ಹಿಡಿದ ಅವ್ವನ ಹೇಲುಚ್ಚೆ ಬಳಿದವಳು ನಾನು, ಜಮಖಾನ ಮಾತ್ರ ಅವಳಿಗೆ. ಅವಳ ಸೊತ್ತಿಗೆ ನಾನೇಕೆ ಆಳಾಗಲಿ ಎಂದುಕೊಂಡೆ. ಪೆಟ್ಟಿಗೆಯ ಮೇಲೆ ರಾಗಿ ಮೂಟೆ ಹೇರಿ ಮರೆತಂತೆ ಇದ್ದುಬಿಟ್ಟೆ. ಮರೆತಿರಲಿಲ್ಲ.

ಅವತ್ತು ಮುಚ್ಚಳ ತೆಗೆದರೆ ಇಲಿ ಉಚ್ಚೆಯ ನಾತ, ಮುಗ್ಗಲು. ಒಂದು ಮೂಲೆಯನ್ನು ನುಸಿ ತಿಂದಿತ್ತು. ಉಳಿದದ್ದು ಗಟ್ಟಿಯಾಗಿತ್ತು, ಆ ನಾತವೊಂದು ಹೋಗಿದ್ದರೆ ಸಾಕಿತ್ತು.

ಅವ್ವ ಅದನ್ನು ಮಡಿ ಮಾಡುತ್ತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತು. ಮೊದಲು ಹುಲ್ಲುಮೆದೆಯ ಮೇಲೆ ಹರಡಿ ಹುಣಸೆ ಬರಲಿನಿಂದ ಮೆಲ್ಲಗೆ ಬಡಿದು ದೂಳು ಕೊಡವುವುದು. ಆಮೇಲೆ ಅಂಟುವಾಳದ ನೊರೆಯನ್ನು ತಣ್ಣೀರಿಗೆ ಬಿಟ್ಟು ಅದ್ದುವುದು. ಹಿಂಡಬಾರದು. ನಾಲೆಯಲ್ಲಿ ಜಾಲಿಸಿ ನೆರಳಲ್ಲಿ ಮೂರು ದಿನ ಒಣಗಿಸಬೇಕು. ಮಡಿಸುವಾಗ ಒಳಗೆ ಬೇವಿನ ಸೊಪ್ಪು, ಹೊಗೆಸೊಪ್ಪು. ಬಿಸಿನೀರು ಮುಟ್ಟಿಸಿದರೆ ಕೈಗೆ ಹೊಡೆಯುತ್ತಿದ್ದಳು.

ನನಗಿದ್ದದ್ದು ಎರಡೇ ದಿನ. ಗಂಡನ ಪಂಚೆಗಳನ್ನು ಬೇಯಿಸುವ ಹಂಡೆಗೆ ನೀರು ತುಂಬಿ, ಎರಡು ಹಿಡಿ ಸೋಡಾ ಸುರಿದು, ಜಮಖಾನ ತುರುಕಿ ಉರಿ ಹಾಕಿದೆ. ನಾತ ಹೋಯಿತು. ಕೋಲಿನಿಂದ ಎತ್ತಿದಾಗ ಬಿಳಿ ಪಟ್ಟೆಗಳೆಲ್ಲ ಕೆಂಪಗಾಗಿದ್ದವು. ಒಣಗಿದ ಮೇಲೆ ಅದು ಅರ್ಧಕ್ಕೆ ಕುಗ್ಗಿ, ಎತ್ತಿನ ಚರ್ಮದ ಹಾಗೆ ಸೆಟೆದುಕೊಂಡಿತು. ನಾನೂ ನನ್ನ ಗಂಡನೂ ಎರಡು ಕಡೆ ಹಿಡಿದು ಎಳೆದೆವು. ನುಸಿ ತಿಂದ ಮೂಲೆ ಹರಿದು ಅವರ ಕೈಗೆ ಬಂತು.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಅದನ್ನೇ ಸೀರೆಯಲ್ಲಿ ಸುತ್ತಿಕೊಂಡು ಹೋದೆ. ತಂಗಿ ಗಂಟು ಬಿಚ್ಚಿ ನೋಡಿದಳು.

"ಅಕ್ಕಯ್ಯ, ಇದ್ಯಾರ್ದು?"

"ಅವ್ವುಂದೇ ಕನಮ್ಮಿ."

"ಇಂಗ್ಯಾಕಾಗದೆ?"

ನಿಜ ಬಾಯಿಯ ತನಕ ಬಂದಿತ್ತು. ನೆಂಟರೆಲ್ಲ ಸುತ್ತ ನಿಂತಿದ್ದರು. "ಅವ್ವಾನೇ ಕನೆ," ಎಂದೆ. "ಆಸ್ಗೆ ಇಡಿಯಾಕ್ ಮುಂಚೆ ಅರುಳುಮರುಳಾಗಿ ಸೋಡಾ ಆಕಿ ಬೇಯಿಸ್ಬುಟ್ಲು. ನಿಂಗೇಳ್ಬ್ಯಾಡ ಅಂದಿದ್ಲು."

ನೆಂಟರವಳೊಬ್ಬಳು ನಕ್ಕು, "ಮುದ್ಕಿ ಸಾರು ಕಾಯಿಸ್ದಂಗೆ ಕಾಯಿಸವ್ಳೆ ಬುಡು" ಎಂದಳು. ತಂಗಿ ನಗಲಿಲ್ಲ.

"ಒಂದ್ ಮಾತು ಏಳ್ಬಾರ್ದಾಗಿತ್ತಾ ಅವ್ವ? ಇವತ್ತಿನ್ ದಿನುಕ್ಕೆ ಅಂತ ಆಸೆ ಇಟ್ಕಂಡು ಕುಂತಿದ್ನಲ್ಲ" ಎಂದು ಅದನ್ನು ಬಾಗಿಲ ಹಿಂದಕ್ಕೆ ತಳ್ಳಿದಳು. ಹುಡುಗಿಯನ್ನು ಪಕ್ಕದ ಮನೆಯವರ ಚಾಪೆಯ ಮೇಲೆ ಕೂರಿಸಿದರು. ಆರತಿ ಎತ್ತಲು ನನ್ನನ್ನೇ ಮೊದಲು ಕರೆದರು.

ಆ ವರ್ಷ ಪಿತೃಪಕ್ಷಕ್ಕೆ ತಂಗಿಯನ್ನು ಕರೆಯಲು ನಾನೇ ಹೋದೆ. ಅವ್ವನ ಎಡೆಗೆ ಅವಳು ಒಂದು ವರ್ಷವೂ ತಪ್ಪಿಸಿದವಳಲ್ಲ.

"ನಾ ಬರಾಕಿಲ್ಲ ಕನಕ್ಕಯ್ಯ, ನೀನೇ ಇಕ್ಕು" ಎಂದಳು. "ನಿನ್ತಾವ ಏಳವ್ಳೆ, ನನ್ತಾವ ಮುಚ್ಚಿಟ್ಲು. ನಾನೇನು ಅವಳ ಮಗಳಲ್ವಾ?"

ಆಗಲಾದರೂ ಹೇಳಬಹುದಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಊರಿಗೆ ಬಂದು ಎಡೆಯನ್ನು ಒಬ್ಬಳೇ ಇಟ್ಟೆ.