ಎಡಗಡೆ ಕೂತವನು

ಬಸ್ ಡಿಪೋದಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಆಯುಸ್ಸಿನ ಬಹುಪಾಲನ್ನು ಬಸ್ಸುಗಳ ಹೊಟ್ಟೆಯಡಿ ಕಳೆದವನು. ರಿಪೇರಿ ಗುಂಡಿಯೊಳಗೆ ನಿಂತು, ತಲೆಯ ಮೇಲೆ ಎಂಜಿನ್ ಗುಡುಗುತ್ತಿದ್ದರೂ ಕಿವಿಗೆ ಒಂದು ಚೂರು ಹತ್ತಿ ಸಹ ಇಟ್ಟುಕೊಂಡವನಲ್ಲ. ಅದರ ಫಲವಾಗಿ ಐವತ್ತು ದಾಟುವ ಹೊತ್ತಿಗೆ ಎರಡು ಕಿವಿಯೂ ಮಂದವಾದವು. ಬಲಗಿವಿಗೆ ಯಂತ್ರ ಹಾಕಿಸಿಕೊಂಡ. ಎಡಕ್ಕೂ ಒಂದು ಬೇಕು ಎಂದವರಿಗೆ, "ಎರಡು ಕಿವೀಲೂ ಕೇಳಿಸ್ಕೊಳ್ಳೋ ಅಷ್ಟು ಒಳ್ಳೆ ಮಾತು ಈ ಡಿಪೋದಲ್ಲಿ ಯಾರು ಆಡ್ತಾರೆ?" ಎಂದು ನಕ್ಕುಬಿಟ್ಟ.

ಆಗ ಅವನು ನಗುತ್ತಿದ್ದ. ಹೆಂಡತಿ ಬದುಕಿದ್ದಳು. ಆಮೇಲೆ ಒಂದು ವಾರದ ಜ್ವರ ಅವಳನ್ನು ಕರೆದುಕೊಂಡು ಹೋಯಿತು. ಬಂದ ನೆಂಟರೆಲ್ಲ ಈಗ ಅಳುತ್ತಾನೆ, ಇನ್ನೇನು ಅಳುತ್ತಾನೆ ಎಂದು ಮೇಸ್ತ್ರಿಯ ಮುಖವನ್ನೇ ನೋಡುತ್ತ ಕೂತಿದ್ದರೆ, ಅವನು ಬಾಡಿಗೆಗೆ ತಂದ ಕುರ್ಚಿಗಳನ್ನು ಎಷ್ಟು ಹೊತ್ತಿಗೆ ವಾಪಸ್ ಕೊಡಬೇಕು ಎಂದು ವಿಚಾರಿಸಿದ. ಕಲ್ಲೆದೆಯವನು ಎಂದರು ಕೆಲವರು. ಕಲ್ಲೂ ಅಲ್ಲ, ಏನೂ ಅಲ್ಲ. ಕೂತು ಕೂತು ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಆಗಿತ್ತು ಅವನಿಗೆ, ಅಷ್ಟೆ. ಮುಟ್ಟಿದರೆ ಅದು ತನ್ನ ಕಾಲೇ ಅಲ್ಲವೇನೋ ಎನ್ನಿಸುವ ಹಾಗೆ.

ಅವನನ್ನು ನೋಡಿಕೊಳ್ಳಲು ಅಕ್ಕ ಬಂದು ಸೇರಿಕೊಂಡಳು. ಗಂಡನನ್ನು ಕಳೆದುಕೊಂಡು ವರ್ಷಗಳಾಗಿದ್ದವು. ಟೆಲಿಫೋನ್ ಆಫೀಸಿನಲ್ಲಿ ದುಡಿದು ನಿವೃತ್ತಳಾದವಳು. ಮಾತಿಲ್ಲದಿದ್ದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ತಮ್ಮನಿಗೆ ಮಾತೇ ಬೇಡವಾಗಿತ್ತು. ಅವಳು ಅಡುಗೆಮನೆಯಿಂದ ಕೂಗಿದರೆ ಅವನು ಎದ್ದು ಬೀದಿ ಬಾಗಿಲು ತೆರೆದು ನೋಡುತ್ತಿದ್ದ. ಸದ್ದು ಬಂತು ಎನ್ನುವುದು ಗೊತ್ತಾಗುತ್ತಿತ್ತು, ಎಲ್ಲಿಂದ ಬಂತು ಎನ್ನುವುದು ತಿಳಿಯುತ್ತಿರಲಿಲ್ಲ.

ಡಿಪೋದ ಶೆಡ್ಡಿನ ಹಿಂದೆ ಗೋಡೆಗೆ ಒತ್ತಿದ ಒಂದು ಉದ್ದನೆಯ ಬೆಂಚು. ಮಧ್ಯಾಹ್ನ ಮೇಸ್ತ್ರಿ ಅಲ್ಲಿ ಬುತ್ತಿ ಬಿಚ್ಚುತ್ತಿದ್ದ. ಹೆಂಡತಿ ಸತ್ತ ಮೇಲೆ ಹೆಚ್ಚಿನವರು ಏನು ಮಾತಾಡುವುದೋ ತಿಳಿಯದೆ ದೂರ ಕೂರತೊಡಗಿದರು. ಟೈರಿನವನು ಮಾತ್ರ ಹತ್ತಿರ ಬಂದ. ಪಂಕ್ಚರ್ ಹಾಕುವುದು, ಸವೆದ ಟೈರು ಬದಲಿಸುವುದು ಅವನ ಕೆಲಸ. ಮೇಸ್ತ್ರಿಗಿಂತ ಒಂದೆರಡು ವರ್ಷ ಚಿಕ್ಕವನು, ಕುಳ್ಳ. ಬಂದವನು ದಿನವೂ ಎಡಗಡೆಗೇ ಕೂರುತ್ತಿದ್ದ. ತುತ್ತಿನ ನಡುವೆ ಅವನ ಬಾಯಿ ಆಡುತ್ತಲೇ ಇರುತ್ತಿತ್ತು. ಟೈರಿನ ವಿಷಯವೇ ಇರಬೇಕೆಂದುಕೊಂಡು ಮೇಸ್ತ್ರಿ ಆಗೊಮ್ಮೆ ಈಗೊಮ್ಮೆ ಹೂಂಗುಟ್ಟುತ್ತಿದ್ದ. ಇಬ್ಬರಿಗೂ ಅದರಿಂದ ತೊಂದರೆ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮೇಸ್ತ್ರಿ ಅಂಗಳ ದಾಟುತ್ತಿದ್ದಾಗ ಬಸ್ಸೊಂದು ಹಿಂದಕ್ಕೆ ಬಂತು. ಯಾರೋ ಗಂಟಲು ಹರಿದುಕೊಂಡು ಕೂಗಿದರು. ಕೂಗು ಅವನಿಗೆ ಕೇಳಿಸಿತು. ಬಲಕ್ಕೆ ತಿರುಗಿದ. ಬಸ್ಸು ಎಡದಿಂದ ಬರುತ್ತಿತ್ತು. ಅದರ ಮೂಲೆ ಭುಜಕ್ಕೆ ಬಡಿದು ಬಿದ್ದ. ಓಡಿ ಬಂದ ಸೂಪರ್‌ವೈಸರಿಗೆ ಜೀವ ಬಾಯಿಗೆ ಬಂದಿತ್ತು. ಮೇಸ್ತ್ರಿ ಎದ್ದು ಕೂತು ಅಂಗಿಯ ಧೂಳು ಕೊಡವಿದ, ಅಷ್ಟೆ. ಅವನಿಗೆ ಹೆದರಿಕೆಯೂ ಆಗಿರಲಿಲ್ಲ.

"ಎಡಗಿವಿಗೆ ಏನಾದ್ರೂ ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೆ ಅಂಗಳಕ್ಕೆ ಕಾಲಿಡಬೇಡಿ," ಎಂದು ಸೂಪರ್‌ವೈಸರ್ ರಜೆ ಕೊಟ್ಟು ಕಳಿಸಿದ.

ಅಕ್ಕನಿಗೆ ಇಷ್ಟು ಸಾಕಾಯಿತು. "ಕನ್ನಡಕಕ್ಕೆ ಒಂದೇ ಗಾಜು ಹಾಕಿಸ್ಕೊಂಡು ಓಡಾಡ್ತಾರೇನೋ? ಏಳು, ಚಪ್ಪಲಿ ಮೆಟ್ಟು," ಎಂದು ಕಿವಿ ಪರೀಕ್ಷೆ ಮಾಡುವಲ್ಲಿಗೆ ಎಳೆದುಕೊಂಡೇ ಹೋದಳು.

ಪರೀಕ್ಷೆ ಮಾಡುವಾಕೆ ಅವನನ್ನು ಚಿಕ್ಕ ಗಾಜಿನ ಕೋಣೆಯಲ್ಲಿ ಕೂರಿಸಿ, ಒಂದೊಂದು ಕಿವಿಗೂ ಬೇರೆ ಬೇರೆಯಾಗಿ ಮಾತು ಬಿಟ್ಟಳು. ಎಡದಲ್ಲಿ ದನಿಯೇನೋ ಬಂತು, ಮಾತು ಬರಲಿಲ್ಲ. ಅವಳು 'ಮರ' ಎಂದರೆ ಇವನು 'ಬರ' ಎಂದ, 'ಕಾಲು' ಎಂದರೆ 'ಹಾಲು' ಎಂದ.

"ವರ್ಷಗಟ್ಟಲೆ ಈ ಕಿವೀನ ಸುಮ್ಮನೆ ಬಿಟ್ಟಿದ್ದೀರಿ," ಎಂದಳು ಹೊರಗೆ ಬಂದ ಮೇಲೆ. "ಕಿವಿಗಿಂತ ಹೆಚ್ಚಾಗಿ ತಲೆಗೆ ಈ ಕಡೆ ಮಾತು ಹಿಡಿಯೋದು ಮರೆತುಹೋಗಿದೆ. ಸದ್ದು ಯಾವ ಕಡೆಯಿಂದ ಬಂತು ಅಂತ ತಲೆ ಕಂಡುಹಿಡಿಯೋದು ಎರಡು ಕಿವಿಗೆ ಬಂದಿದ್ದನ್ನ ಹೋಲಿಸಿ ನೋಡಿ. ನೀವು ಒಂದನ್ನೇ ಕೊಟ್ರೆ ಅದು ಏನು ಮಾಡಬೇಕು ಹೇಳಿ. ಗಲಾಟೆ ಇರೋ ಕಡೆ ಬೇಕಾದ ಮಾತನ್ನ ಆರಿಸಿಕೊಳ್ಳೋಕೂ ಎರಡೂ ಇದ್ರೆ ಸುಲಭ."

"ಮೊದಲಿನ ಹಾಗೆ ಆಗುತ್ತಾ?" ಅಕ್ಕ ಕೇಳಿದಳು.

"ಪೂರ್ತಿ ಆಗಲ್ಲ. ಈ ಕಡೆನೂ ಯಂತ್ರ ದಿನವಿಡೀ ಹಾಕ್ಕೊಂಡ್ರೆ ನಿಧಾನಕ್ಕೆ ಅಭ್ಯಾಸ ಆಗುತ್ತೆ. ಪೆಟ್ಟಿಗೇಲಿ ಇಟ್ರೆ ಏನೂ ಆಗಲ್ಲ."

ಎಡಕ್ಕೂ ಯಂತ್ರ ಬಂತು. ಮೊದಲ ದಿನಗಳಲ್ಲಿ ಆ ಕಡೆಯಿಂದ ಬಂದದ್ದೆಲ್ಲ ತಗಡು ಉಜ್ಜಿದ ಸದ್ದು. ನಲ್ಲಿಯ ನೀರು, ಚಮಚ, ತನ್ನದೇ ಜಗಿತ. ಮೇಸ್ತ್ರಿಗೆ ಸಂತೋಷವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಹಾಕು ಎಂದಿದ್ದಾರೆ, ಹಾಕಿಕೊಂಡ. ಭುಜದ ಊತ ಇಳಿಯುವ ಹೊತ್ತಿಗೆ ಕೆಲವು ವ್ಯತ್ಯಾಸಗಳು ತಾವಾಗಿ ಕಂಡವು. ಟೀವಿಯ ದನಿ ತಗ್ಗಿತು. ಮಾತು ಹಿಡಿಯಲು ಕತ್ತು ತಿರುಗಿಸಿ ತಿರುಗಿಸಿ ಸಂಜೆಗೆ ತಲೆ ಹಿಡಿದುಕೊಳ್ಳುತ್ತಿದ್ದದ್ದು ನಿಂತಿತು. ಅಕ್ಕ ಕೂಗಿದರೆ ಸೀದಾ ಅಡುಗೆಮನೆಗೇ ಹೋದ. ಅವಳು ಒಲೆಯ ಮುಂದೆ ಅವನನ್ನು ಬೈದುಕೊಳ್ಳುತ್ತಿದ್ದುದೂ ಕೇಳಿಸಿತು.

"ಮೂದೇವಿ ಅಂದೆಯಾ?" ಎಂದು ಕೇಳಿದ.

ಅಕ್ಕ ಸೌಟು ಹಿಡಿದು ಹಾಗೇ ನಿಂತಳು. "ಕೇಳಿಸ್ತಾ? ಇಷ್ಟು ದಿನ ಬಿಟ್ಟಿಯಾಗಿ ಬೈಕೊಳ್ತಿದ್ದೆ, ಅದಕ್ಕೂ ಕಲ್ಲು ಬಿತ್ತು," ಎಂದಳು. ಅವನು ನಗಬೇಕಾಗಿತ್ತು. ನಗಬೇಕಾಗಿತ್ತು ಎನ್ನುವುದು ಅವನಿಗೂ ತಿಳಿದಿತ್ತು.

ಕೆಲಸಕ್ಕೆ ಮರಳಿದ ದಿನ ಎಂದಿನಂತೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದ. ಎಡಗಿವಿಯ ಹಿಂದಿನ ಹೊಸ ಯಂತ್ರ ಯಾರಿಗೂ ಕಾಣಲಿಲ್ಲ. ಮಧ್ಯಾಹ್ನ ಟೈರಿನವನು ಬಂದ, ಭುಜದ ಕಡೆ ಕೈತೋರಿಸಿ ಹೇಗಿದೆ ಎಂದು ಸನ್ನೆಯಲ್ಲೇ ಕೇಳಿದ, ಎಡಕ್ಕೆ ಕೂತು ಡಬ್ಬಿ ಬಿಚ್ಚಿದ. ಆಮೇಲೆ ಮೆಲ್ಲಗೆ ಶುರು ಮಾಡಿದ.

"ಇವತ್ತೂ ಗುರುತು ಹಿಡೀಲಿಲ್ಲ, ಮೇಸ್ತ್ರಿ. ತಲೆ ಬಾಚ್ತಾ ಇದ್ದೆ. ಕೇಳಿದ್ಲು, ದಿನಾ ಬೆಳಗಾದ್ರೆ ಇಲ್ಲಿಗೆ ಬರ್ತೀರಲ್ಲ, ನಿಮಗೆ ಮನೇಲಿ ಹೆಂಡತಿ ಇಲ್ವಾ ಅಂತ. ಇದ್ದಾಳೆ ಅಂದೆ. ನೋಡೋಕೆ ಹೇಗಿದ್ದಾಳೆ ಅಂದ್ಲು. ನಿಮ್ಮ ಹಾಗೇ ಅಂದೆ. ಹಂಗಾದ್ರೆ ಅವಳ ಹತ್ರ ಹೋಗಿ, ಪಾಪ, ಕಾಯ್ತಿರ್ತಾಳೆ ಅಂತ ಬಾಚಣಿಗೆ ಕಿತ್ಕೊಂಡ್ಲು."

ಮೇಸ್ತ್ರಿಯ ತುತ್ತು ಕೈಯಲ್ಲೇ ಉಳಿಯಿತು. ಟೈರಿನವನ ಹೆಂಡತಿಗೆ ಮರೆವಿನ ಕಾಯಿಲೆ ಎಂದು ಡಿಪೋದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವನು ಮಾತಾಡುತ್ತ ಹೋದ. ಮದುವೆಯ ಫೋಟೋ ತೋರಿಸಿದರೆ ಈ ಕುಳ್ಳ ಯಾರು ಎಂದು ಕೇಳುತ್ತಾಳಂತೆ. ತಾನು ಡಿಪೋಕ್ಕೆ ಬಂದರೆ ನಾದಿನಿ ಬಂದು ನೋಡಿಕೊಳ್ಳುತ್ತಾಳಂತೆ. ಒಂದೊಂದು ದಿನ ಮನೆಗೆ ಹೋಗಲು ಕಾಲೇ ಏಳುವುದಿಲ್ಲವಂತೆ. ಮೇಸ್ತ್ರಿಗೆ ಆಗ ಅರ್ಥವಾಯಿತು. ಅವನು ಎಡಗಡೆ ಕೂರುತ್ತಿದ್ದುದು ಜಾಗ ಸಿಕ್ಕಿತೆಂದಲ್ಲ, ಆ ಕಿವಿ ಕೇಳುವುದಿಲ್ಲವೆಂದು. ಅಭ್ಯಾಸಬಲದಿಂದ "ಹೂಂ" ಎಂದ.

ಆ ಸಂಜೆ ಮನೆಯಲ್ಲಿ ಅಯ್ಯೋ ಪಾಪ ಎಂದೂ ಅನ್ನಿಸಲಿಲ್ಲ. ಬೇರೆಯವರ ಬುತ್ತಿ ಬಿಚ್ಚಿ ತಿಂದಂತೆ, ಇದು ಸರಿಯಲ್ಲ ಎಂದಷ್ಟೇ ತಿಳಿಯಿತು.

ಮರುದಿನ ಟೈರಿನವನು ಕೂರುವ ಮೊದಲೇ ಮೇಸ್ತ್ರಿ ಟೋಪಿ ತೆಗೆದು ಎಡಗಿವಿ ತೋರಿಸಿದ. "ಇದಕ್ಕೂ ಹಾಕಿಸಿದ್ದೀನಿ. ಈಗ ಈ ಕಡೆನೂ ಕೇಳಿಸುತ್ತೆ."

ಟೈರಿನವನ ಮುಖ ಸಪ್ಪಗಾಯಿತು. "ಯಾವಾಗಿಂದ?"

"ನಿನ್ನೆ ಹೇಳಿದ್ದು ಕೇಳಿಸ್ತು. ಅದಕ್ಕೆ ಮುಂಚಿನದು ಯಾವುದೂ ಇಲ್ಲ."

"ಮೊದಲೇ ಹೇಳಬೇಕಿತ್ತು ಮೇಸ್ತ್ರಿ ನೀವು," ಎಂದವನು ಡಬ್ಬಿ ಎತ್ತಿಕೊಂಡು ಹೋಗಿ, ಶೆಡ್ಡಿನ ಆಚೆ ರಾಶಿ ಹಾಕಿದ್ದ ಹಳೆಯ ಟೈರುಗಳ ಮೇಲೆ ಕೂತ. ಅದರ ಮರುದಿನವೂ ಅಲ್ಲೇ ಕೂತ, ಆಮೇಲೂ ಅಲ್ಲೇ. ಬೆಂಚಿನ ಮೇಲೆ ಮೇಸ್ತ್ರಿ ಒಬ್ಬನೇ ಉಂಡ. ಈಗ ಇಡೀ ಡಿಪೋ ಕೇಳಿಸುತ್ತಿತ್ತು. ಎಡಕ್ಕೆ ಗಾಳಿ ತುಂಬುವ ಪಂಪು, ಬಲಕ್ಕೆ ಕಂಡಕ್ಟರುಗಳ ಹರಟೆ, ಅದರೊಳಗೆ ಯಾರು ಯಾರನ್ನು ಕೆಣಕುತ್ತಿದ್ದಾರೆ ಎನ್ನುವುದೂ. ಅದರಲ್ಲಿ ತನಗೆ ಬೇಕಾದದ್ದು ಯಾವುದೂ ಇಲ್ಲವೆನ್ನಿಸಿತು.

ಕೊನೆಗೊಂದು ದಿನ ಬುತ್ತಿ ಹಿಡಿದು ಅವನೇ ಎದ್ದು ಹೋಗಿ ಟೈರುಗಳ ಮೇಲೆ ಕೂತ. ಟೈರಿನವನು ಅಲುಗಲಿಲ್ಲ. ತುಸು ಹೊತ್ತು ಇಬ್ಬರೂ ಉಂಡರು.

"ಇವತ್ತು ಏನು ಕೇಳಿದ್ಲು?" ಎಂದ ಮೇಸ್ತ್ರಿ.

ಟೈರಿನವನು ತಲೆ ಎತ್ತದೆ ಹೇಳಿದ, "ಏನೂ ಕೇಳಲಿಲ್ಲ. ನನ್ನ ಕೈ ಮೂಸಿ ನೋಡಿ, ರಬ್ಬರ್ ವಾಸನೆ ಅಂದ್ಲು. ಅಂದು ನಕ್ಕಳು."

ಮೇಸ್ತ್ರಿ ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ ಅಕ್ಕನಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದ. "ಆಸ್ಪತ್ರೇಲಿ ನಮ್ಮವಳ ಮಂಚ ಗೋಡೆಗೆ ಒತ್ತಿತ್ತು. ನನ್ನ ಎಡಕ್ಕೇ ಅವಳ ಬಾಯಿ. ಕೊನೇ ಸಲ ಏನೋ ಅಂದ್ಲು. ಕೇಳಿಸ್ಲಿಲ್ಲ. ಹೂಂ ಅಂದೆ. ಯಾವುದಕ್ಕೆ ಹೂಂ ಅಂದೆ ಅಂತ ಗೊತ್ತಿಲ್ಲ ನನಗೆ."

ಟೈರಿನವನು ತನ್ನ ಡಬ್ಬಿಯನ್ನು ಪಕ್ಕಕ್ಕಿಟ್ಟ. "ಹೂಂ ಅಂದ್ರಲ್ಲ," ಎಂದ. "ಉಹೂಂ ಅಂದಿದ್ರೆ ಕಷ್ಟವಿತ್ತು."

ಮೇಸ್ತ್ರಿ ಅಳಲಿಲ್ಲ. ಎದೆ ಹಗುರವಾಯಿತು ಎಂದೂ ಹೇಳುವಂತಿಲ್ಲ. ಆದರೆ ಅಂದಿನಿಂದ ಇಬ್ಬರೂ ಒಟ್ಟಿಗೆ ಉಣ್ಣುತ್ತಾರೆ. ಟೈರಿನವನು ಮೊದಲಿನಷ್ಟು ಮಾತಾಡುವುದಿಲ್ಲ. ಆಡಿದ್ದಕ್ಕೆ ಈಗ ಉತ್ತರ ಸಿಗುತ್ತದೆ. ಸೂಪರ್‌ವೈಸರ್ ಅಂಗಳದ ಕೆಲಸವನ್ನು ಮೇಸ್ತ್ರಿಗೆ ಮತ್ತೆ ಕೊಟ್ಟಿದ್ದಾನೆ. ಬೆಳಿಗ್ಗೆ ಮುಖ ತೊಳೆದ ಮೇಲೆ ಮೇಸ್ತ್ರಿ ಎರಡು ಯಂತ್ರಗಳನ್ನೂ ಹಾಕಿಕೊಳ್ಳುತ್ತಾನೆ, ಬಲಕ್ಕೊಂದು, ಎಡಕ್ಕೊಂದು, ಅಂಗಿಯ ಗುಂಡಿ ಹಾಕಿಕೊಂಡಷ್ಟೇ ಸಹಜವಾಗಿ. ಆಮೇಲೆ ಅಕ್ಕ ಮಾತು ಶುರು ಮಾಡುತ್ತಾಳೆ.